ಯುಶು ಭೂಕಂಪ, 2010: ಜನರೇ ಕೈಗೊಂಡ ಪರಿಹಾರ ಕಾರ್ಯವನ್ನು ಹೇಗೆ ಅಳೆಯಬೇಕು?

ಕಲಿಕಾರ್ಥಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಸಮಾಜಶಾಸ್ತ್ರದ ಸ್ನಾತಕೋತ್ತರ ತರಗತಿಗೆ ಒಂದು ಪ್ರಬಂಧ ಬರೆಯುತ್ತಿದ್ದೇನೆ. 2025ರ ಜನವರಿ 7ರಂದು ಟಿಬೆಟ್‌ನ ತಿಂಗ್ರಿಯಲ್ಲಿ ಭೂಕಂಪವಾದಾಗ ಬೈಲಕುಪ್ಪೆಯಲ್ಲಿಯೇ ತಂಗಿದ್ದ ದಲೈ ಲಾಮಾ ಅವರು ಮಡಿದವರಿಗಾಗಿ ಅಲ್ಲಿ ಪ್ರಾರ್ಥನೆ ನಡೆಸಿದ ಸುದ್ದಿ ಓದಿದಂದಿನಿಂದ ಈ ವಿಷಯ ನನ್ನನ್ನು ಹಿಡಿದುಕೊಂಡಿದೆ. ಆದರೆ ಪ್ರಬಂಧಕ್ಕೆ ಆರಿಸಿಕೊಂಡದ್ದು ಅದಕ್ಕಿಂತ ಹದಿನೈದು ವರ್ಷ ಹಿಂದಿನ ಯುಶು ಭೂಕಂಪವನ್ನು. ಅದರ ಬಗ್ಗೆ ಬರೆದವರು ಹೆಚ್ಚು, ಮತ್ತು ಬರೆದವರೊಳಗೆ ಜಗಳವೂ ಹೆಚ್ಚು.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಯುಶು ಇರುವುದು ಟಿಬೆಟ್ ಸ್ವಾಯತ್ತ ಪ್ರದೇಶದ ಒಳಗಲ್ಲ, ಚೀನಾದ ಛಿಂಗ್‌ಹಾಯ್ ಪ್ರಾಂತ್ಯದ ದಕ್ಷಿಣದಲ್ಲಿ. ಟಿಬೆಟಿಯನ್ನರು ಅದನ್ನು ಖಾಮ್ ಸೀಮೆಯ ಭಾಗವೆಂದೇ ಎಣಿಸುತ್ತಾರೆ, ಮತ್ತು ಅಲ್ಲಿನ ಹತ್ತು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಟಿಬೆಟಿಯನ್ನರೇ. 2010ರ ಏಪ್ರಿಲ್ 14ರ ಬೆಳಿಗ್ಗೆ 7:49ಕ್ಕೆ ಅಲ್ಲಿ 6.9 ಪ್ರಮಾಣದ (ಚೀನಾದ ಅಳತೆಯಲ್ಲಿ 7.1) ಭೂಕಂಪವಾಯಿತು. ಸುಮಾರು 3,700 ಮೀಟರ್ ಎತ್ತರದಲ್ಲಿರುವ ಅಲ್ಲಿನ ಮುಖ್ಯ ಪಟ್ಟಣ ಗ್ಯೆಗುವಿನ ಮನೆಗಳಲ್ಲಿ ಬಹುಪಾಲು ನೆಲಕ್ಕೊರಗಿದವು. ಸರ್ಕಾರ ಕೊನೆಗೆ ಕೊಟ್ಟ ಲೆಕ್ಕದಂತೆ 2,698 ಮಂದಿ ಸತ್ತರು, 270 ಮಂದಿ ಕಾಣೆಯಾದರು.

ನನ್ನ ತೊಡಕು ಹೀಗಿದೆ. ಒಂದು ಗುಂಪಿನ ಬರಹಗಳನ್ನು ಓದಿದರೆ ಜನರನ್ನು ಉಳಿಸಿದ್ದು ಸೈನ್ಯ ಮತ್ತು ಸರ್ಕಾರಿ ರಕ್ಷಣಾ ತಂಡಗಳು ಮಾತ್ರ ಎನ್ನಿಸುತ್ತದೆ. ಇನ್ನೊಂದು ಗುಂಪಿನ ಬರಹಗಳಲ್ಲಿ ಕಡುಗೆಂಪು ವಸ್ತ್ರದ ಭಿಕ್ಷುಗಳು ಮತ್ತು ಊರಿನವರು ಬರಿಗೈಯಲ್ಲಿ ಎಲ್ಲವನ್ನೂ ಮಾಡಿದರು, ಸರ್ಕಾರ ಬಂದು ಛಾಯಾಚಿತ್ರ ತೆಗೆಸಿಕೊಂಡು ಹೋಯಿತು ಎಂಬ ಧ್ವನಿಯಿದೆ. ಯಂತ್ರವಿಲ್ಲದ, ತರಬೇತಿಯಿಲ್ಲದ ಜನ ಇಂಥ ದುರಂತದಲ್ಲಿ ನಿಜವಾಗಿ ಮಾಡಬಲ್ಲದ್ದೇನು? ಅವರ ಕೈಯಲ್ಲಿ ಹಾದುಹೋದ ಹಣ ಮತ್ತು ಸಾಮಗ್ರಿಯ ಗತಿ ಏನಾಯಿತು? ಅಷ್ಟು ದುಡಿದ ಭಿಕ್ಷುಗಳನ್ನು ಒಂದು ವಾರದೊಳಗೆ ಹಿಂದಕ್ಕೆ ಕಳುಹಿಸಿದ್ದೇಕೆ? ಈ ವಿಷಯದಲ್ಲಿ ಓದಿಕೊಂಡವರು, ಬೇರೆಡೆ ಪರಿಹಾರ ಕಾರ್ಯ ಮಾಡಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಸಿ ಇಟ್ಟಿಗೆ

ನಾನು ಕಟ್ಟಡ ಎಂಜಿನಿಯರ್. ರಾಜಕೀಯದ ಭಾಗವನ್ನು ಬಲ್ಲವರಿಗೆ ಬಿಟ್ಟು, ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಯಂತ್ರವಿಲ್ಲದವರು ಏನು ಮಾಡಬಲ್ಲರು ಎಂಬುದು ಬಿದ್ದ ಮನೆ ಯಾವುದರಿಂದ ಕಟ್ಟಿದ್ದು ಎಂಬುದನ್ನು ಅವಲಂಬಿಸಿದೆ.

ಆಗ ಗ್ಯೆಗುವಿನ ಹೆಚ್ಚಿನ ಮನೆಗಳು ಮಣ್ಣಿನ ಗೋಡೆ ಮತ್ತು ಮರದ ತೊಲೆಗಳವಾಗಿದ್ದವು. ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆಯ ಗೋಡೆ, ಅದರ ಮೇಲೆ ಅಡ್ಡತೊಲೆ, ತೊಲೆಯ ಮೇಲೆ ಚಳಿ ತಡೆಯಲು ದಪ್ಪಗೆ ಬಡಿದ ಮಣ್ಣಿನ ಮಾಡು. ಚಳಿಗಾಲಕ್ಕೆ ಇದಕ್ಕಿಂತ ಒಳ್ಳೆಯ ಮನೆಯಿಲ್ಲ. ಭೂಕಂಪಕ್ಕೆ ಇದಕ್ಕಿಂತ ಕೆಟ್ಟ ಮನೆಯೂ ಇಲ್ಲ. ನೆಲ ಅಡ್ಡಡ್ಡವಾಗಿ ಅಲುಗಿದಾಗ ಗೋಡೆಗಳು ಮೂಲೆಗಳಲ್ಲಿ ಒಂದನ್ನೊಂದು ಬಿಟ್ಟುಕೊಟ್ಟು ಹೊರಕ್ಕೆ ವಾಲುತ್ತವೆ, ಆಧಾರ ತಪ್ಪಿದ ಮಾಡು ತನ್ನ ಪೂರ್ತಿ ಭಾರದೊಂದಿಗೆ ಒಳಕ್ಕೆ ಕುಸಿಯುತ್ತದೆ. ಕಾಂಕ್ರೀಟ್ ಕಟ್ಟಡ ಬಿದ್ದಾಗ ಚಪ್ಪಡಿಗಳ ನಡುವೆ ಗಾಳಿಯಾಡುವ ಸಂದುಗಳು ಉಳಿಯುವುದುಂಟು. ಮಣ್ಣಿನ ಮನೆ ಬಿದ್ದರೆ ಎಲ್ಲವೂ ಪುಡಿಯಾಗಿ, ಒಳಗಿದ್ದವರ ಮೂಗು ಬಾಯಿಗಳಿಗೆ ಧೂಳು ಮೆತ್ತಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಜೀವ ಉಳಿಸಲು ಸಿಗುವ ಅವಧಿ ತೀರಾ ಕಡಿಮೆ. ಅದೇ ಮಣ್ಣಿಗೆ ಇನ್ನೊಂದು ಗುಣವೂ ಇದೆ. ಅದನ್ನು ಸಲಿಕೆಯಿಂದ, ಹಾರೆಯಿಂದ, ಏನೂ ಇಲ್ಲದಿದ್ದರೆ ಕೈಯಿಂದಲೂ ಅಗೆಯಬಹುದು. ಕಾಂಕ್ರೀಟ್ ಕೊರೆಯುವ ಯಂತ್ರ ಬರಲಿ ಎಂದು ಇಂಥ ಮನೆಯ ಮುಂದೆ ಕಾಯಬೇಕಾದ ಅಗತ್ಯವೇ ಇಲ್ಲ. ಸಮಯ ಕಡಿಮೆ, ಕೆಲಸಕ್ಕೆ ಬರಿಗೈ ಸಾಕು: ಈ ಎರಡನ್ನು ಸೇರಿಸಿ ನೋಡಿದರೆ ಗ್ಯೆಗುವಿನಲ್ಲಿ ಬದುಕಿ ಹೊರಬಂದವರಲ್ಲಿ ಹೆಚ್ಚಿನವರನ್ನು ಮೊದಲ ಕೆಲವು ಗಂಟೆಗಳಲ್ಲಿ ಮನೆಯವರು ಮತ್ತು ನೆರೆಯವರೇ ಎಳೆದು ತೆಗೆದಿರಬೇಕು ಎಂಬುದು ನನ್ನ ನಿಲುವು. ಪಟ್ಟಣದಲ್ಲಿಯೇ ನೆಲೆಸಿದ್ದ ಸೈನಿಕರೂ ಆ ಬೆಳಿಗ್ಗೆಯೇ ಅಗೆಯಲು ಇಳಿದರು ಎಂಬುದನ್ನು ಇಲ್ಲಿ ಸೇರಿಸಬೇಕು. ಈ ಲೆಕ್ಕದಲ್ಲಿ ಅವರೂ ನೆರೆಯವರೇ.

ಹೊರಗಿನ ಸಹಾಯ ಎಷ್ಟು ದೂರದಲ್ಲಿತ್ತು ಎಂಬುದನ್ನೂ ನೋಡಿ. ಪ್ರಾಂತ್ಯದ ರಾಜಧಾನಿ ಶಿನಿಂಗ್‌ನಿಂದ ಯುಶುವಿಗೆ 214ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ 800 ಕಿಲೋಮೀಟರಿಗೂ ಹೆಚ್ಚು ದಾರಿ, ಅದರ ನಡುವೆ 4,800 ಮೀಟರ್ ಮೀರಿದ ಬಯನ್ ಹರ್ ಕಣಿವೆಮಾರ್ಗ ದಾಟಬೇಕಿತ್ತು. ಹಿಂದಿನ ವರ್ಷವಷ್ಟೇ ತೆರೆದಿದ್ದ ಬತಾಂಗ್ ವಿಮಾನ ನಿಲ್ದಾಣ ಇಲ್ಲದಿದ್ದರೆ ಗಾಯಾಳುಗಳ ಪಾಡು ಏನಾಗುತ್ತಿತ್ತೋ ಹೇಳಲಾಗದು. ಭಾರಿ ಯಂತ್ರಗಳು ಮಾತ್ರ ರಸ್ತೆಯಲ್ಲಿಯೇ ಬರಬೇಕಿತ್ತು.

ಬರಿಗೈಗೆ ಮಿತಿಯಿದೆ. ಶಾಲೆಗಳು, ಹೋಟೆಲುಗಳು, ಪಟ್ಟಣದ ನಡುವಿನ ಕೆಲವು ಬಹುಮಹಡಿ ಕಟ್ಟಡಗಳು ಕಾಂಕ್ರೀಟಿನವು. ಅಲ್ಲಿ ಸಿಕ್ಕಿಬಿದ್ದವರ ಮಟ್ಟಿಗೆ ಎಷ್ಟು ನೂರು ಭಿಕ್ಷುಗಳು ಸೇರಿದರೂ ಚಪ್ಪಡಿ ಎತ್ತಲಾಗದು, ಕೊರೆಯುವ ಮತ್ತು ಎತ್ತುವ ಯಂತ್ರ ಬೇಕೇ ಬೇಕು. ಹಾಗಾಗಿ ತಮ್ಮ ಎರಡು ಗುಂಪುಗಳೂ ಬೇರೆ ಬೇರೆ ಕಟ್ಟಡಗಳ ಮುಂದೆ ನಿಂತು ಮಾತನಾಡುತ್ತಿರುವಂತೆ ನನಗೆ ತೋರುತ್ತದೆ.

ಒಂದು ಪ್ರಸಂಗವನ್ನು ಪ್ರಬಂಧದಲ್ಲಿ ಬಿಡಬೇಡಿ. ಏಪ್ರಿಲ್ 19ರಂದು, ಅಂದರೆ ಐದು ದಿನಗಳ ಮೇಲೆ, ಒಬ್ಬ ವೃದ್ಧೆಯನ್ನೂ ನಾಲ್ಕು ವರ್ಷದ ಒಂದು ಹೆಣ್ಣುಮಗುವನ್ನೂ ಕುಸಿದ ಮಣ್ಣಿನ ಮನೆಯಿಂದ ಜೀವಂತವಾಗಿ ತೆಗೆದರು. ತೆಗೆದವರು ರಕ್ಷಣಾ ತಂಡದವರು. ಆದರೆ ಅಷ್ಟು ದಿನ ಅವರ ಜೀವ ನಿಂತದ್ದು, ಮನೆಯವರು ಬಿದಿರಿನ ಗಳುಗಳನ್ನು ಅವಶೇಷದೊಳಕ್ಕೆ ತೂರಿಸಿ ನೀರು ಮತ್ತು ಆಹಾರ ಮುಟ್ಟಿಸುತ್ತಿದ್ದುದರಿಂದ. ಇದನ್ನು ಯಾರ ಸಾಧನೆಯ ಖಾತೆಗೆ ಬರೆಯುತ್ತೀರಿ?

ಇನ್ನೊಂದು ಸಣ್ಣ ವಿಷಯ. ಚೀನಾ ಇಡೀ ದೇಶಕ್ಕೆ ಬೀಜಿಂಗ್ ಸಮಯವನ್ನೇ ಇಟ್ಟುಕೊಂಡಿರುವುದರಿಂದ ಗಡಿಯಾರದ 7:49 ಎಂದರೆ ಅಷ್ಟು ಪಶ್ಚಿಮದ ಯುಶುವಿನಲ್ಲಿ ಸೂರ್ಯನ ಲೆಕ್ಕಕ್ಕೆ ಸುಮಾರು ಆರೂಕಾಲು. ಜನ ಮನೆಯೊಳಗಿದ್ದದ್ದೇಕೆ ಎಂದು ಕೇಳುವವರು ಇದನ್ನು ಮರೆಯುತ್ತಾರೆ. ಮುಂಜಾನೆ 5:39ಕ್ಕೆ ಒಂದು ಸಣ್ಣ ಕಂಪನವೂ ಆಗಿತ್ತು. ಆ ಕತ್ತಲಲ್ಲಿ, ಆ ಚಳಿಯಲ್ಲಿ ಎರಡು ಗಂಟೆ ಹೊರಗೆ ನಿಲ್ಲುವವರು ಯಾರು?

ಟಿಬೆಟ್ ಓದುಗ

ಮೇಲಿನ ಉತ್ತರಕ್ಕೆ ನನ್ನ ಸಹಮತವಿದೆ. ಆದರೆ ಅಗೆಯುವುದು ಪರಿಹಾರ ಕಾರ್ಯದ ಒಂದು ಭಾಗ ಮಾತ್ರ, ಮತ್ತು ಭಿಕ್ಷುಗಳ ಬಗ್ಗೆ ಬರೆಯುವ ಎರಡೂ ಪಕ್ಷಗಳು ಅಗೆಯುವ ಚಿತ್ರದಲ್ಲಿಯೇ ನಿಂತುಬಿಡುತ್ತವೆ. ಭಿಕ್ಷುಗಳಿಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲವೆಂದು ಹೇಳಬಹುದಾದ ಕೆಲಸ ಬೇರೆಯೇ ಇತ್ತು: ಮಾತಿನದು ಮತ್ತು ಸಾವಿನದು.

ಮಾತಿನಿಂದ ಆರಂಭಿಸುತ್ತೇನೆ. ಗ್ಯೆಗುವಿನ ಮುದುಕರಿಗೆ, ಅದಕ್ಕಿಂತಲೂ ಹೆಚ್ಚಾಗಿ ಸುತ್ತಲಿನ ಯಾಕ್ ಸಾಕುವ ಅಲೆಮಾರಿಗಳಿಗೆ ಚೀನೀ ಭಾಷೆ ಬರುವುದಿಲ್ಲ ಅಥವಾ ಅಂಗಡಿಯ ವ್ಯವಹಾರಕ್ಕೆ ಬೇಕಾದಷ್ಟೇ ಬರುತ್ತದೆ. ಬಂದ ರಕ್ಷಣಾ ತಂಡಗಳಲ್ಲಿ ಹೆಚ್ಚಿನವರಿಗೆ ಟಿಬೆಟಿಯನ್ ಬರುವುದಿಲ್ಲ. ಅವಶೇಷದ ಮುಂದೆ ನಿಂತ ತಾಯಿಯನ್ನು ‘ಒಳಗೆ ಎಷ್ಟು ಜನ, ಯಾವ ಕೋಣೆಯಲ್ಲಿ ಮಲಗಿದ್ದರು’ ಎಂದು ಕೇಳಬೇಕಾದರೆ ನಡುವೆ ಒಬ್ಬ ದುಭಾಷಿ ಬೇಕು. ಅಂಥ ದುಭಾಷಿಗಳಾಗಿ ಒದಗಿದವರು ಸ್ಥಳೀಯ ಶಿಕ್ಷಕರು, ಯುವ ಭಿಕ್ಷುಗಳು, ಹಾಗೂ ಶಿನಿಂಗ್ ಮತ್ತು ಇತರ ನಗರಗಳಲ್ಲಿ ಓದುತ್ತಿದ್ದ ಟಿಬೆಟಿಯನ್ ವಿದ್ಯಾರ್ಥಿಗಳು. ಗಾಯಾಳುಗಳನ್ನು ವಿಮಾನದಲ್ಲಿ ದೂರದ ಆಸ್ಪತ್ರೆಗಳಿಗೆ ಸಾಗಿಸಿದಾಗ ವಾರ್ಡುಗಳಲ್ಲಿ ಸರದಿಯ ಮೇಲೆ ಕುಳಿತು ರೋಗಿಯ ಮಾತನ್ನು ವೈದ್ಯರಿಗೂ ವೈದ್ಯರ ಮಾತನ್ನು ರೋಗಿಗೂ ದಾಟಿಸಿದವರು ಆ ವಿದ್ಯಾರ್ಥಿಗಳೇ. ಅವರನ್ನು ಯಾರೂ ನೇಮಿಸಿರಲಿಲ್ಲ, ಅವರ ಕೆಲಸಕ್ಕೆ ಛಾಯಾಚಿತ್ರದ ಬೆಲೆಯೂ ಇರಲಿಲ್ಲ. ನನ್ನನ್ನು ಕೇಳಿದರೆ ತಮ್ಮ ಪ್ರಬಂಧದ ನಾಯಕರು ಅವರೇ ಆಗಬೇಕು.

ಇನ್ನು ಭಿಕ್ಷುಗಳು ಬಂದ ಬಗೆ. ಯುಶುವಿಗೆ ಹೊಂದಿಕೊಂಡೇ ಸಿಚುವಾನ್ ಪ್ರಾಂತ್ಯದ ಟಿಬೆಟಿಯನ್ ಸೀಮೆಯಿದೆ. ಅಲ್ಲಿನ ಸೆರ್ಶುಲ್‌ನಿಂದ ಗ್ಯೆಗುವಿಗೆ ಕೆಲವೇ ಗಂಟೆಗಳ ದಾರಿ. ಇನ್ನೂ ದೂರದ ಸೆರ್ತಾರ್‌ನ ಲಾರುಂಗ್ ಗಾರ್ ಎಂಬ ಬೌದ್ಧ ವಿದ್ಯಾಕೇಂದ್ರದಿಂದಲೂ ಲಾರಿ, ಬಸ್ಸುಗಳಲ್ಲಿ ಭಿಕ್ಷುಗಳು ಬಂದರು. ಮಠವೆಂದರೆ ಪ್ರಾರ್ಥನೆಯ ಸ್ಥಳವೆಂದು ಮಾತ್ರ ನಾವು ತಿಳಿಯುತ್ತೇವೆ. ನೂರಾರು ಜನರಿಗೆ ಒಂದೇ ಕರೆಗೆ ಎದ್ದು ಹೊರಡುವ ಶಿಸ್ತು, ಅಷ್ಟೂ ಜನರಿಗೆ ಚಹಾ ಕಾಯಿಸುವ ದೊಡ್ಡ ಪಾತ್ರೆಗಳು, ದಾಸ್ತಾನಿಟ್ಟ ಬೆಣ್ಣೆ ಮತ್ತು ತ್ಸಾಂಪಾ, ಲಾರಿಯುಳ್ಳ ಭಕ್ತರು, ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿ ಕಟ್ಟಡ ಕಟ್ಟಿದ ಅಭ್ಯಾಸ, ಇಷ್ಟೆಲ್ಲ ಒಂದು ದೊಡ್ಡ ಮಠದಲ್ಲಿ ಮೊದಲೇ ಸಿದ್ಧವಿರುತ್ತವೆ. ಪರಿಹಾರ ಸಂಸ್ಥೆಯೊಂದು ವರ್ಷಗಟ್ಟಲೆ ತರಬೇತಿ ಕೊಟ್ಟು ಕಟ್ಟುವಂಥ ವ್ಯವಸ್ಥೆ ಇದು. ತ್ಸಾಂಪಾ ಎಂದರೆ ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಬಳಗದ್ದೇ. ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಮಾಡಿದರೆ ಊಟವಾಯಿತು, ಒಲೆಯೇ ಬೇಡ.

ಇದೇ ಮಠಗಳು ತಾವೂ ಪೆಟ್ಟು ತಿಂದಿದ್ದವು. ಗ್ಯೆಗುವಿನ ಹತ್ತಿರದ ಥ್ರಂಗು ಮಠ ಬಹುತೇಕ ನೆಲಸಮವಾಗಿ ಅಲ್ಲಿನ ಭಿಕ್ಷುಗಳು ಸತ್ತರು.

ಮುಂದಿನ ಭಾಗವನ್ನು ತಾವು ಎಚ್ಚರದಿಂದ ಬರೆಯಬೇಕು. ಖಾಮ್‌ನಲ್ಲಿ ಸತ್ತವರ ದೇಹವನ್ನು ಬೆಟ್ಟದ ಮೇಲೆ ರಣಹದ್ದುಗಳಿಗೆ ಒಪ್ಪಿಸುವುದು ರೂಢಿ. ಆದರೆ ಅದು ಒಂದೆರಡು ಸಾವುಗಳಿಗೆ ಒದಗುವ ಕ್ರಮವೇ ಹೊರತು ಸಾವಿರಾರು ಸಾವುಗಳಿಗಲ್ಲ. ಅಷ್ಟು ದೇಹಗಳನ್ನು ಮುಗಿಸುವಷ್ಟು ಹದ್ದುಗಳೂ ಇರಲಿಲ್ಲ, ದಿನಗಳೆದಂತೆ ರೋಗದ ಭಯವೂ ಇತ್ತು. ಹಾಗಾಗಿ ಏಪ್ರಿಲ್ 17ರಂದು ಪಟ್ಟಣದ ಹೊರಗಿನ ಬೆಟ್ಟದ ಬದಿಯಲ್ಲಿ ಉದ್ದವಾದ ಕಂದಕ ತೋಡಿ, ಕಂಬಳಿ ಹಾಗೂ ಬಟ್ಟೆಗಳಲ್ಲಿ ಸುತ್ತಿದ ನೂರಾರು ದೇಹಗಳನ್ನು ಒಟ್ಟಿಗೆ ದಹನ ಮಾಡಿದರು. ದೇಹಗಳನ್ನು ಹೊತ್ತು ತಂದವರು, ಸಾಲಾಗಿ ಮಲಗಿಸಿದವರು, ಮಂತ್ರ ಪಠಿಸಿದವರು ಭಿಕ್ಷುಗಳು. ಸ್ವಲ್ಪ ಯೋಚಿಸಿ ನೋಡಿ: ನಿಮ್ಮ ಮನೆಯವರ ಅಂತ್ಯಕ್ರಿಯೆ ನಿಮ್ಮ ಪದ್ಧತಿಗೆ ಹೊರತಾದ ರೀತಿಯಲ್ಲಿ ಆಗಬೇಕಿದೆ, ಅದೂ ಗುರುತು ಸಿಗದ ನೂರು ಜನರ ಜೊತೆಯಲ್ಲಿ. ಆರೋಗ್ಯ ಇಲಾಖೆಯ ಅಧಿಕಾರಿ ಬಂದು ಹೀಗೆ ಮಾಡಬೇಕು ಎಂದರೆ ನೀವು ಒಪ್ಪುವಿರಾ? ನಿಮ್ಮ ಗುರುವೇ ‘ಈ ಹೊತ್ತಿನಲ್ಲಿ ಹೀಗೆ ಮಾಡುವುದರಲ್ಲಿ ದೋಷವಿಲ್ಲ’ ಎಂದಾಗ ಮಾತ್ರ ಮನಸ್ಸು ಒಡಂಬಡುತ್ತದೆ. ಜನರ ದುಃಖವನ್ನು ಹಿಡಿದು ನಿಲ್ಲಿಸಿದ ಆ ಒಂದು ಮಾತು ಯಾವ ಪರಿಹಾರ ಸಾಮಗ್ರಿಯ ಪಟ್ಟಿಯಲ್ಲಿಯೂ ಬರುವುದಿಲ್ಲ.

ಅವರನ್ನು ಕಳುಹಿಸಿದ್ದೇಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಸುಮಾರು ಒಂದು ವಾರದೊಳಗೆ ಹೊರ ಜಿಲ್ಲೆಗಳ ಭಿಕ್ಷುಗಳಿಗೆ ತಮ್ಮ ತಮ್ಮ ಮಠಗಳಿಗೆ ಮರಳಲು ಸೂಚನೆ ಬಂತೆಂದು ಪತ್ರಿಕೆಗಳು ವರದಿ ಮಾಡಿದವು. ಭಿಕ್ಷುಗಳ ಕೊಡುಗೆಯನ್ನು ಸರ್ಕಾರ ಅಲ್ಲಗಳೆಯಲಿಲ್ಲ. ಮುಂದಿನ ಹಂತಕ್ಕೆ ವಿಶೇಷ ತರಬೇತಿ ಪಡೆದವರು ಬೇಕು ಎಂಬುದು ಅದರ ವಾದದ ತಿರುಳು. 2008ರ ಮಾರ್ಚ್‌ನಲ್ಲಿ ಟಿಬೆಟಿಯನ್ ಸೀಮೆಗಳಲ್ಲೆಲ್ಲ ಪ್ರತಿಭಟನೆಗಳು ಹಬ್ಬಿ ಎರಡು ವರ್ಷವಷ್ಟೇ ಆಗಿತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಸಾವಿರಾರು ಭಿಕ್ಷುಗಳು ತಮ್ಮದೇ ಏರ್ಪಾಟಿನಲ್ಲಿ ಒಂದೆಡೆ ಸೇರುವುದು ಆಡಳಿತಕ್ಕೆ ಏನೆಂದು ಕಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ. ಛಿಂಗ್‌ಹಾಯ್‌ನಲ್ಲಿಯೇ ಹುಟ್ಟಿದ ದಲೈ ಲಾಮಾ ಅವರು ಸಂತ್ರಸ್ತರನ್ನು ಕಾಣಲು ಬರುವ ಇಚ್ಛೆಯನ್ನು ಬಹಿರಂಗವಾಗಿ ಹೇಳಿದ್ದರು, ಅದಕ್ಕೆ ಅವಕಾಶವಾಗಲಿಲ್ಲ. ಆಡಳಿತದ ಅಂಜಿಕೆಯ ಬಗ್ಗೆ ಹೇಳಿದ್ದನ್ನು ನನ್ನ ಅನುಮಾನವೆಂದೇ ಬರೆಯಿರಿ, ತೀರ್ಮಾನವೆಂದಲ್ಲ.

ಲೆಕ್ಕಪತ್ರ

ಇಲ್ಲಿ ಸ್ವಲ್ಪ ತಣ್ಣೀರು ಸುರಿಯುವ ಕೆಲಸ ನನ್ನದಾಗಲಿ. ನಾನು ಬೇರೊಂದು ಸೀಮೆಯ ಬೇರೊಂದು ದುರಂತದಲ್ಲಿ ಪರಿಹಾರ ಸಾಮಗ್ರಿಯ ಲೆಕ್ಕ ಬರೆದವನು. ಕೈಯಲ್ಲಿ ಪುಸ್ತಕ ಹಿಡಿದು ಲಾರಿಯ ಹಿಂದೆ ನಿಂತವನಿಗೆ ‘ಜನರೇ ಮಾಡಿದ ಪರಿಹಾರ’ ಎಂಬ ಮಾತು ಕೇಳಿದಾಗ ಗೌರವದ ಜೊತೆಗೆ ತಲೆನೋವೂ ನೆನಪಾಗುತ್ತದೆ. ಒಂದೇ ದಿನದಲ್ಲಿ ಮೂರು ಗುಂಪುಗಳು, ಒಬ್ಬರಿಗೊಬ್ಬರು ತಿಳಿಸದೆ, ಹೆದ್ದಾರಿಗೆ ತಾಗಿದ ಒಂದೇ ಹಳ್ಳಿಗೆ ಕಂಬಳಿ ತಂದು ಇಳಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಲಿಂದ ಅರ್ಧ ದಿನ ನಡೆದರೆ ಸಿಗುವ ಹಳ್ಳಿಗೆ ಒಂದು ಕಂಬಳಿಯೂ ಹೋಗಿರಲಿಲ್ಲ. ಅಂದು ನಾನು ಬರೆದ ಲೆಕ್ಕವೂ ತಪ್ಪಾಗಿತ್ತು, ಏಕೆಂದರೆ ಇಳಿದ ಕಂಬಳಿಗಳನ್ನು ಎಣಿಸಿದೆನೇ ಹೊರತು ಹೊದ್ದುಕೊಂಡವರನ್ನು ಎಣಿಸಲಿಲ್ಲ.

ಯುಶುವಿನಂಥ ಸೀಮೆಯಲ್ಲಿ ಈ ತೊಂದರೆ ಹತ್ತು ಪಟ್ಟು ಹೆಚ್ಚು. ಪಟ್ಟಣದಲ್ಲಿ ಕುದುರೆ ಪಂದ್ಯದ ಮೈದಾನವೊಂದು ಡೇರೆಗಳ ಊರೇ ಆಗಿಬಿಟ್ಟಿತ್ತು. ಪ್ರತಿ ಬೇಸಿಗೆಯಲ್ಲಿ ಖಾಮ್‌ನವರೆಲ್ಲ ಹಬ್ಬಕ್ಕೆ ಡೇರೆ ಹೂಡುವ ಜಾಗವೇ ಅದು. ಅಲ್ಲಿಗೆ ಬಂದ ಲಾರಿ ಸುಲಭವಾಗಿ ಖಾಲಿಯಾಗುತ್ತದೆ. ಬೆಟ್ಟಗಳ ಆಚೆ ಚದುರಿಕೊಂಡಿರುವ ಯಾಕ್ ಸಾಕುವವರಲ್ಲಿಗೆ ಹೋಗುವ ಲಾರಿ ಯಾವುದು? ಈ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಸ್ಥಳೀಯರೇ, ಏಕೆಂದರೆ ಯಾರ ಡೇರೆ ಯಾವ ತಿಂಗಳಲ್ಲಿ ಯಾವ ಕಣಿವೆಯಲ್ಲಿರುತ್ತದೆ ಎಂಬುದು ಅವರಿಗೆ ಮಾತ್ರ ಗೊತ್ತು. ಅದೇ ಸ್ಥಳೀಯರು ತಮ್ಮ ನಂಟರಿಗೆ, ತಮ್ಮ ಮಠದ ಭಕ್ತರಿಗೆ ಮೊದಲು ಕೊಡುವುದೂ ಸಹಜ. ಎರಡನ್ನೂ ಬರೆಯದ ಪ್ರಬಂಧ ನನಗೆ ಅರ್ಧವೆನಿಸುತ್ತದೆ.

ಸಾಮಗ್ರಿಯ ವಿಷಯದಲ್ಲಿ ಒಂದು ಮಾತು. ದೂರದ ನಗರಗಳ ಜನ ದುರಂತವೆಂದೊಡನೆ ಮೊದಲು ಕಳುಹಿಸುವುದು ಪೊಟ್ಟಣದ ನೂಡಲ್ಸ್. ಯುಶುವಿನ ಎತ್ತರದಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ, ಆ ನೀರು ಕಾಯಿಸಲು ಉರುವಲು ಬೇಕು, ಅಲ್ಲಿನ ಉರುವಲು ಯಾಕ್ ಬೆರಣಿ, ಆ ಬೆರಣಿಯ ರಾಶಿ ಬಿದ್ದ ಗೋಡೆಯ ಅಡಿಯಲ್ಲಿದೆ. ಮೇಲಿನವರು ಹೇಳಿದ ತ್ಸಾಂಪಾಗೆ ಈ ತಾಪತ್ರಯವಿಲ್ಲ. ಏನು ಬೇಕೆಂದು ಮೊದಲು ಕೇಳಿದ ಸಣ್ಣ ಗುಂಪುಗಳು ಇಂಥ ಕಡೆಗಳಲ್ಲಿ ದೊಡ್ಡ ಸಂಸ್ಥೆಗಳಿಗಿಂತ ಮೇಲಾಗುವುದು ಒಳ್ಳೆಯ ಮನಸ್ಸಿನಿಂದಲ್ಲ, ಕೇಳಲು ಅವರಿಗೆ ಒಬ್ಬ ಮನುಷ್ಯ ಪರಿಚಯವಿರುವುದರಿಂದ.

ಈಗ ಹಣದ ಸಂಗತಿ. ಇಲ್ಲಿ ತಮ್ಮ ಪ್ರಬಂಧಕ್ಕೆ ಬೇಕಾದ ಗಟ್ಟಿ ಆಧಾರ ಎರಡಿವೆ.

ಶೋಗ್ದುಂಗ್ ಎಂಬ ಲೇಖನನಾಮದ ತಾಗ್ಯಾಲ್ ಅವರು ಶಿನಿಂಗ್‌ನಲ್ಲಿದ್ದ ಹೆಸರಾಂತ ಟಿಬೆಟಿಯನ್ ಚಿಂತಕರು. ಭೂಕಂಪವಾದ ಮೂರನೆಯ ದಿನ, ಏಪ್ರಿಲ್ 17ರಂದು, ಅವರು ಮತ್ತು ಕೆಲವು ಬರಹಗಾರರು ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿದರು. ಸಂತಾಪದ ಜೊತೆಗೆ ಅದರಲ್ಲಿದ್ದ ಒಂದು ಸಲಹೆ, ದೇಣಿಗೆಯನ್ನು ಅಧಿಕೃತ ಮಾರ್ಗದಲ್ಲಿ ಕೊಡುವ ಬದಲು ನಂಬಿಕೆಯುಳ್ಳವರ ಕೈಯಲ್ಲಿ ನೇರವಾಗಿ ಕಳುಹಿಸಿ ಎಂಬುದು. ಏಪ್ರಿಲ್ 23ರಂದು ಅವರ ಬಂಧನವಾಯಿತು. ಅಕ್ಟೋಬರಿನಲ್ಲಿ ಜಾಮೀನಿನ ಮೇಲೆ ಬಿಡುಗಡೆಯಾದರು. ಆ ಪತ್ರಕ್ಕೆ ಸ್ವಲ್ಪ ಮುಂಚೆ ಅವರು ಬರೆದಿದ್ದ ರಾಜಕೀಯ ಪುಸ್ತಕವೂ ಬಂಧನಕ್ಕೆ ಕಾರಣವೆಂದು ಹೇಳುವವರಿದ್ದಾರೆ, ಆದ್ದರಿಂದ ಪತ್ರವೊಂದನ್ನೇ ಕಾರಣ ಮಾಡಿ ಬರೆಯಬೇಡಿ. ಆದರೂ ದೇಣಿಗೆ ಯಾರ ಕೈಯಲ್ಲಿ ಹಾದುಹೋಗಬೇಕು ಎಂಬುದು ಅಲ್ಲಿ ಲೆಕ್ಕಪತ್ರದ ಪ್ರಶ್ನೆಯಾಗಿ ಉಳಿದಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡನೆಯದು ಅದೇ ವರ್ಷ ಜುಲೈಯದು. ನಾಗರಿಕ ವ್ಯವಹಾರ ಸಚಿವಾಲಯವೂ ಸೇರಿದಂತೆ ಕೇಂದ್ರದ ಕೆಲವು ಇಲಾಖೆಗಳು ಒಂದು ನಿಯಮ ಹೊರಡಿಸಿ, ಯುಶುವಿಗೆಂದು ರೆಡ್ ಕ್ರಾಸ್ ಮತ್ತು ರಾಷ್ಟ್ರಮಟ್ಟದ ದತ್ತಿ ಪ್ರತಿಷ್ಠಾನಗಳು ಸಂಗ್ರಹಿಸಿದ ಹಣವನ್ನು ಛಿಂಗ್‌ಹಾಯ್ ಪ್ರಾಂತ್ಯದ ಖಾತೆಗಳಿಗೆ ವರ್ಗಾಯಿಸಲು ಹೇಳಿದವು. ಮರುನಿರ್ಮಾಣ ಒಂದೇ ಯೋಜನೆಯಂತೆ ನಡೆಯಬೇಕಾದರೆ ಹಣ ಒಂದೆಡೆ ಇರಬೇಕು ಎಂಬುದು ಅದರ ತರ್ಕ, ಮತ್ತು ನನ್ನ ಕಂಬಳಿಯ ಕಥೆಯನ್ನು ಓದಿದವರು ಆ ತರ್ಕವನ್ನು ಪೂರ್ತಿ ತಳ್ಳಿಹಾಕಲಾರರು. ಆದರೆ ಸಣ್ಣ ಗುಂಪುಗಳು ಮೊದಲಿನಿಂದ ಬದುಕುವುದೇ ಇಂಥ ಪ್ರತಿಷ್ಠಾನಗಳು ಕೊಡುವ ನೆರವಿನ ಮೇಲೆ. ಮೇಲಿನ ಕೆರೆಯ ನೀರನ್ನು ಬೇರೆ ಕಾಲುವೆಗೆ ತಿರುಗಿಸಿದರೆ ಕೆಳಗಿನ ಗದ್ದೆಗೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. 2008ರ ವೆಂಚುವಾನ್ ಭೂಕಂಪದ ನಂತರ ಚೀನಾದಲ್ಲಿ ಸ್ವಯಂಸೇವಾ ಗುಂಪುಗಳು ಅಣಬೆಗಳಂತೆ ಎದ್ದಿದ್ದವು. ಎರಡೇ ವರ್ಷಗಳಲ್ಲಿ ಯುಶುವಿನ ಹಣದ ವಿಷಯದಲ್ಲಿ ಬಾಗಿಲು ಇಷ್ಟು ಕಿರಿದಾದದ್ದು ಆ ಗುಂಪುಗಳವರಿಗೆ ದೊಡ್ಡ ಪೆಟ್ಟಾಯಿತು. ನಾನಾಗಿದ್ದರೆ ಪ್ರಬಂಧದ ಮುಕ್ಕಾಲು ಭಾಗವನ್ನು ಈ ಒಂದು ನಿಯಮದ ಮೇಲೆಯೇ ಬರೆಯುತ್ತಿದ್ದೆ. ಭಿಕ್ಷುಗಳು ಮರಳಿದ್ದು ಎಲ್ಲರಿಗೂ ಕಂಡಿತು, ಹಣ ಮರಳಿದ್ದು ಯಾರಿಗೂ ಕಾಣಲಿಲ್ಲ.

ಬೆಟ್ಟದ ವೈದ್ಯೆ

ಎತ್ತರದ ಪ್ರದೇಶಗಳಲ್ಲಿ ಕೆಲವು ವರ್ಷ ವೈದ್ಯಳಾಗಿ ಕೆಲಸ ಮಾಡಿರುವುದರಿಂದ, ಮೇಲಿನ ಮೂವರೂ ಪಕ್ಕಕ್ಕಿಟ್ಟ ಒಂದು ವಿಷಯವನ್ನು ಸೇರಿಸುತ್ತೇನೆ.

3,700 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ತಗ್ಗಿನ ಊರಿನಿಂದ ವಿಮಾನದಲ್ಲಿ ಇಳಿದವನು, ಎಷ್ಟೇ ಗಟ್ಟಿ ಆಳಾಗಿರಲಿ, ಮೊದಲ ಒಂದೆರಡು ದಿನ ಸುಮ್ಮನೆ ಮಲಗಿರಬೇಕೆಂದು ನಾವು ಹೇಳುತ್ತೇವೆ. ಯುಶುವಿಗೆ ಇಳಿದ ರಕ್ಷಣಾ ತಂಡದವರು ಇಳಿದ ಗಳಿಗೆಯಿಂದಲೇ ಮಣ್ಣು ಎತ್ತಬೇಕಿತ್ತು. ತಲೆ ಸಿಡಿಯುವುದು, ವಾಂತಿ, ನಡೆದರೆ ಏದುಸಿರು. ರಕ್ಷಕರಲ್ಲಿ ಅನೇಕರು ತಾವೇ ರೋಗಿಗಳಾದರು. ಶೋಧಕ್ಕೆ ತಂದ ನಾಯಿಗಳೂ ಬಳಲಿದವೆಂದು ವರದಿಗಳಿದ್ದವು. ಅವರ ಧೈರ್ಯವನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ದೇಹ ತನ್ನ ಸುಂಕವನ್ನು ವಸೂಲು ಮಾಡಿಯೇ ತೀರುತ್ತದೆ.

ಇದಕ್ಕೆ ಎದುರಾಗಿ ಸೆರ್ಶುಲ್‌ನಿಂದ ಬಂದ ಭಿಕ್ಷು ಯುಶುವಿಗಿಂತಲೂ ಎತ್ತರದ ಜಾಗದಿಂದ ಕೆಳಗೆ ಇಳಿದು ಬಂದವನು. ಅವನಿಗೆ ಗ್ಯೆಗು ತಗ್ಗು ಸೀಮೆ! ಟಿಬೆಟಿಯನ್ನರ ರಕ್ತ ನಮ್ಮದರಂತೆ ಎತ್ತರದಲ್ಲಿ ಮಂದವಾಗುತ್ತ ಹೋಗುವುದಿಲ್ಲ, ಅದಕ್ಕೆ ಕಾರಣವಾದ ವಂಶವಾಹಿಯನ್ನು ಗುರುತಿಸಿದ ಸಂಶೋಧನೆಗಳು ಪ್ರಕಟವಾದದ್ದೂ ಕಾಕತಾಳೀಯವಾಗಿ ಅದೇ 2010ರಲ್ಲಿ. ತರಬೇತಿಯಿಲ್ಲದ ಜನ ಎಂದು ತಾವು ಪ್ರಶ್ನೆಯಲ್ಲಿ ಬರೆದಿದ್ದೀರಿ. ಆ ಎತ್ತರದಲ್ಲಿ ಸಲಿಕೆ ಹಿಡಿದು ಹತ್ತು ಗಂಟೆ ದುಡಿಯಬಲ್ಲ ದೇಹವನ್ನು ಯಾವ ತರಬೇತಿ ಶಿಬಿರ ಕೊಟ್ಟೀತು?

ಕೊನೆಗೊಂದು ಎಚ್ಚರಿಕೆ. ಇದನ್ನು ಓದಿ ಉತ್ಸಾಹಗೊಂಡು, ಇಂಥ ಎತ್ತರದ ಸೀಮೆಗಳಿಗೆ ತಾವೂ ಸ್ವಯಂಸೇವಕರಾಗಿ ಹೊರಡಬೇಕೆನ್ನುವವರು ಇರುತ್ತಾರೆ. ಹೋದ ಮರುದಿನವೇ ಹಾಸಿಗೆ ಹಿಡಿದು, ಗಾಯಾಳುಗಳಿಗೆ ಬೇಕಾದ ಆಮ್ಲಜನಕದ ಸಿಲಿಂಡರನ್ನು ತಾವು ಬಳಸುವ ಸ್ವಯಂಸೇವಕ ಪರಿಹಾರವಲ್ಲ, ಹೊರೆ.

ಕಲಿಕಾರ್ಥಿ

ನಾಲ್ವರಿಗೂ ಕೃತಜ್ಞತೆಗಳು. ಯಾರು ಉಳಿಸಿದರು ಎಂದು ಕೇಳುವ ಬದಲು ಯಾವ ಕೆಲಸಕ್ಕೆ ಯಾರು ಹತ್ತಿರವಿದ್ದರು ಎಂದು ಕೇಳಿಕೊಂಡು ಅಧ್ಯಾಯಗಳನ್ನು ಮತ್ತೆ ಜೋಡಿಸುತ್ತಿದ್ದೇನೆ. ದುಭಾಷಿ ವಿದ್ಯಾರ್ಥಿಗಳಿಗೆ ಮತ್ತು ಜುಲೈಯ ನಿಯಮಕ್ಕೆ ಒಂದೊಂದು ಅಧ್ಯಾಯ ಮೀಸಲು. ಟಿಬೆಟ್ ಓದುಗ ಅವರಲ್ಲಿ ಇನ್ನೆರಡು ಪ್ರಶ್ನೆಗಳು: ಹೊರಗಿನಿಂದ ಬಂದರೂ ಊರಿನವರಂತೆಯೇ ಬಾಳಿದವರು ಯಾರಾದರೂ ಇದ್ದರೇ? ಮತ್ತು ಲಾರಿಗಳೆಲ್ಲ ಹಿಂದಿರುಗಿದ ಮೇಲೆ, ಮೇ ಮತ್ತು ಜೂನ್ ತಿಂಗಳುಗಳಲ್ಲಿ ಡೇರೆಗಳಲ್ಲಿದ್ದ ಜನ ಹೇಗೆ ಬದುಕಿದರು?

ಟಿಬೆಟ್ ಓದುಗ

ಮೊದಲನೆಯದಕ್ಕೆ ಒಂದು ಹೆಸರು ಹೇಳುತ್ತೇನೆ. ವಾಂಗ್ ಫುಕ್-ವಿಂಗ್ ಹಾಂಗ್‌ಕಾಂಗ್‌ನ ಲಾರಿ ಚಾಲಕರು. ಯುಶುವಿನ ಅನಾಥಾಲಯವೊಂದರಲ್ಲಿ ಸ್ವಯಂಸೇವಕರಾಗಿದ್ದರು. ಅಂದು ಬೆಳಿಗ್ಗೆ ಕುಸಿದ ಕಟ್ಟಡದೊಳಕ್ಕೆ ಮಕ್ಕಳಿಗಾಗಿ ಹಿಂದಿರುಗಿ ಅಲ್ಲಿಯೇ ಪ್ರಾಣ ಬಿಟ್ಟರು. ದುರಂತವಾದ ಮೇಲೆ ಬಂದವರಲ್ಲ ಅವರು, ಆಗುವ ಮೊದಲೇ ಅಲ್ಲಿದ್ದವರು. ಅವರನ್ನು ಯಾವ ಅಧ್ಯಾಯದಲ್ಲಿ ಇಡಬೇಕೆಂದು ತಾವೇ ನಿರ್ಧರಿಸಿ.

ಎರಡನೆಯದು ಹೆಚ್ಚು ಜನ ಕೇಳದ ಪ್ರಶ್ನೆ. ಯುಶುವಿನ ಮನೆಗಳಿಗೆ ವರ್ಷದ ನಗದು ಹಣ ಬರುವುದು ಮುಖ್ಯವಾಗಿ ಯಾರ್ತ್ಸಾ ಗುನ್‌ಬುವಿನಿಂದ, ಅಂದರೆ ಹುಳುವಿನ ಮೈಯಿಂದ ಮೊಳೆಯುವ, ಔಷಧಿಗೆಂದು ಚಿನ್ನದ ಬೆಲೆಗೆ ಮಾರಾಟವಾಗುವ ಒಂದು ಶಿಲೀಂಧ್ರದಿಂದ. ಅದನ್ನು ಅಗೆಯುವ ಕಾಲ ಮೇ ಮತ್ತು ಜೂನ್. ಭೂಕಂಪವಾದದ್ದು ಏಪ್ರಿಲ್ ನಡುವಿನಲ್ಲಿ. ಸತ್ತವರಿಗಾಗಿ 49 ದಿನಗಳ ಕರ್ಮಗಳು ಮುಗಿಯುವುದು ಜೂನ್ ಆರಂಭಕ್ಕೆ, ಡೇರೆ ಬಿಟ್ಟು ಬೆಟ್ಟಕ್ಕೆ ಹೋದರೆ ಪಟ್ಟಣದಲ್ಲಿ ತನ್ನ ನಿವೇಶನದ ಗತಿಯೇನು ಎಂಬ ಅಂಜಿಕೆ ಬೇರೆ. ಆ ನಿವೇಶನಗಳ ವಿಷಯದಲ್ಲಿ ಮುಂದೆ ಪ್ರತಿಭಟನೆಗಳೂ ನಡೆದವು. ಹೋಗದಿದ್ದರೆ ವರ್ಷವಿಡೀ ಕೈಯಲ್ಲಿ ಕಾಸಿಲ್ಲ. ಮನೆಯಲ್ಲಿ ಉಳಿದವರನ್ನು ಎರಡು ಪಾಲು ಮಾಡಿ, ಕಣ್ಣು ಚುರುಕಿರುವ ಕಿರಿಯರನ್ನು ಬೆಟ್ಟಕ್ಕೆ ಕಳುಹಿಸಿ ಹಿರಿಯರು ಡೇರೆ ಕಾಯುವುದಲ್ಲದೆ ಬೇರೆ ದಾರಿ ಎಷ್ಟು ಮನೆಗಳಿಗಿದ್ದೀತು?

ಪಟ್ಟಣದ ಹೊರಗೆ ಗ್ಯಾನಾ ಮಣಿ ಎಂಬ ಕಲ್ಲುಗಳ ಮಹಾರಾಶಿಯಿದೆ. ಮಂತ್ರ ಕೆತ್ತಿದ ಕಲ್ಲುಗಳನ್ನು ಸುಮಾರು ಮುನ್ನೂರು ವರ್ಷಗಳಿಂದ ಜನ ತಂದಿಟ್ಟು ಬೆಳೆಸಿದ್ದು, ಅದರ ಸುತ್ತಲಿನ ಹಳ್ಳಿಯವರ ಕಸುಬೇ ಕಲ್ಲು ಕೆತ್ತುವುದು. ಭೂಕಂಪದಲ್ಲಿ ಆ ರಾಶಿಯೂ ಅಲ್ಲಲ್ಲಿ ಜರಿದಿತ್ತು. ಸತ್ತವರ ಹೆಸರಿನಲ್ಲಿ ಒಂದು ಕಲ್ಲು ಕೆತ್ತಿಸಿ ಅಲ್ಲಿ ಇಡುವುದು ರೂಢಿಯಾದ್ದರಿಂದ, ಮನೆ ಕಳೆದುಕೊಂಡಿದ್ದ ಕೆತ್ತುಗಾರರಿಗೆ ಆ ವರ್ಷ ಕೆಲಸಕ್ಕೆ ಕೊರತೆಯಾಗಿರಲಾರದು. ಸಾಧ್ಯವಾದರೆ ತಮ್ಮ ಪ್ರಬಂಧದಲ್ಲಿ ಅವರಿಗೂ ಒಂದೆರಡು ಪುಟ ಕೊಡಿ.